ಬಚ್ಚಲು ಗುಳುಗುಳು ಅನ್ನುತ್ತಿದೆಯೇ? ಚೇಂಬರ್ ಮುಚ್ಚಳ ತೆಗೆಸಿ ನೋಡಿ

ನಮ್ಮದು ನೆಲಮಹಡಿ ಮನೆ. ಮೇಲಿನವರು ವಾಷಿಂಗ್ ಮಷಿನ್ ನೀರು ಬಿಟ್ಟಾಗಲೆಲ್ಲ ನಮ್ಮ ಬಚ್ಚಲಿನ ಜಾಲಿ ಗುಳುಗುಳು ಅನ್ನುತ್ತಿತ್ತು. ಮಕ್ಕಳಿಗೆ ಅದೊಂದು ತಮಾಷೆ. ಎರಡು ತಿಂಗಳು ಹಾಗೇ ಕಳೆಯಿತು. ಗೌರಿ ಹಬ್ಬದ ಹಿಂದಿನ ದಿನ ಅದೇ ಜಾಲಿಯಿಂದ ಕಪ್ಪು ನೀರು ಉಕ್ಕಿ ಅಡುಗೆಮನೆ ಬಾಗಿಲವರೆಗೂ ಬಂತು. ಚೇಂಬರ್, ಅಂದರೆ ಒಳಚರಂಡಿ ಪೈಪುಗಳು ಸೇರುವ ಮುಚ್ಚಳದ ಗುಂಡಿ, ತೆರೆಯೋಣ ಅಂದರೆ ಅದು ಸಿಗಬೇಕಲ್ಲ! ಆ ಬೇಸಿಗೆಯಲ್ಲಿ ಪ್ಯಾಸೇಜಿಗೆ ಹೊಸ ಟೈಲ್ಸ್ ಹಾಕಿಸಿದ್ದೆವು. ಕೆಲಸದವರು ಚೇಂಬರ್ ಮುಚ್ಚಳದ ಮೇಲೂ ಟೈಲ್ಸ್ ಕೂರಿಸಿ, ಚೆಂದ ಮಾಡಿ ಹೋಗಿದ್ದರು. ಆರು ಟೈಲ್ಸ್ ಒಡೆದ ಮೇಲೆ ಮುಚ್ಚಳ ಕಂಡಿತು.

ಪ್ಲಂಬರ್ ಕೇಳಿದ್ದು ಒಂದೇ ಮಾತು. 'ಸದ್ದು ಯಾವಾಗಿಂದ ಬರ್ತಿತ್ತು?'

ಒಳಚರಂಡಿ ಲೈನು ಸಾಮಾನ್ಯವಾಗಿ ರಾತ್ರೋರಾತ್ರಿ ಕೆಡುವುದಿಲ್ಲ. ಮೊದಲು ಸದ್ದು, ಆಮೇಲೆ ವಾಸನೆ, ಕೊನೆಗೆ ನೀರು. ಸದ್ದಿನ ಹಂತದಲ್ಲೇ ನೋಡಿಸಿದರೆ ಖರ್ಚು ಕಡಿಮೆ. ಹಾಗಂತ ಸಿಂಕ್ ಕಟ್ಟಿದ ತಕ್ಷಣ ಲೈನು ಅಗೆಸಬೇಕಿಲ್ಲ. ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ: ಒಂದೇ ಕಡೆ ಕಟ್ಟಿದರೆ ಆ ಸಿಂಕಿನದೋ ಕಮೋಡಿನದೋ ತೊಂದರೆ. ಎರಡು ಮೂರು ಕಡೆ ಒಟ್ಟಿಗೆ ನೀರು ನಿಧಾನವಾಗಿ ಇಳಿಯುತ್ತಿದ್ದರೆ, ಅಥವಾ ಒಂದು ಕಡೆ ಫ್ಲಶ್ ಮಾಡಿದಾಗ ಇನ್ನೊಂದು ಕಡೆ ಸದ್ದು ಬಂದರೆ, ಲೈನೇ ನೋಡಿಸಬೇಕು. ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಜಾಲಿಯ ಮೇಲೆ ಕಣ್ಣಿಡಿ. ಲೈನು ಕಟ್ಟಿದಾಗ ನೀರು ಮೊದಲು ಹಿಂದಕ್ಕೆ ಬರುವುದು ಅಲ್ಲಿಂದಲೇ.

ವಾಸನೆಗೆ ಇನ್ನೊಂದು ಪರೀಕ್ಷೆ ಇದೆ. ಬಳಸದ ಬಚ್ಚಲಿನ ಜಾಲಿಗೆ ಎರಡು ಮಗ್ ನೀರು ಸುರಿಯಿರಿ. ಜಾಲಿಯ ಕೆಳಗಿನ ಟ್ರ್ಯಾಪಿನಲ್ಲಿ ನಿಂತ ನೀರೇ ಗಾಳಿಯನ್ನು ತಡೆಯುವುದು. ಅದು ಒಣಗಿದರೆ ನಾತ ಬರುತ್ತದೆ. ನೀರು ಹಾಕಿದ ಮೇಲೆ ವಾಸನೆ ಹೋದರೆ ಅಷ್ಟೇ, ಸುಮ್ನೆ ಯಾರನ್ನೂ ಕರೆಸಬೇಡಿ.

ಮಳೆ ಬಂದಾಗ ಮಾತ್ರ ಚೇಂಬರ್ ಉಕ್ಕುತ್ತದೆಯೇ? ಹಾಗಿದ್ದರೆ ಮೊದಲು ತಾರಸಿ ಪೈಪು ಎಲ್ಲಿ ಇಳಿಯುತ್ತದೆ ನೋಡಿ. ಎಷ್ಟೋ ಮನೆಗಳಲ್ಲಿ ಮಳೆನೀರನ್ನು ನೇರ ಯುಜಿಡಿಗೆ (ಒಳಚರಂಡಿಗೆ) ಸೇರಿಸಿರುತ್ತಾರೆ. ಬೆಂಗಳೂರಿನಲ್ಲಿ ಹಾಗೆ ಸೇರಿಸುವಂತಿಲ್ಲ. ಮನೆಯ ಕೊಳಚೆಗೆಂದು ಹಾಕಿದ ಲೈನು ತಾರಸಿಯ ನೀರನ್ನೂ ಹೊರುವುದು ಕಷ್ಟ.

ಸಂಪಿನ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. 30x40 ಸೈಟಿನಲ್ಲಿ ಸಂಪು, ಚೇಂಬರ್, ಕಾರು ಎಲ್ಲಕ್ಕೂ ಇರುವುದು ಅದೇ ಮುಂದಿನ ಜಾಗ. ಲೈನು ಬಿರುಕು ಬಿಟ್ಟು, ಸಂಪಿನ ಗೋಡೆಯಲ್ಲೂ ಬಿರುಕಿದ್ದರೆ ಕೊಳಚೆ ನಿಧಾನವಾಗಿ ಕುಡಿಯುವ ನೀರಿಗೆ ಇಳಿಯುತ್ತದೆ. ಸಂಪಿನ ನೀರಿಗೆ ವಾಸನೆ ಬಂದರೆ, ಮನೆಯವರಿಗೆ ಮೇಲಿಂದ ಮೇಲೆ ಭೇದಿ ಆಗುತ್ತಿದ್ದರೆ, ಅದೇ ದಿನ ಆ ನೀರು ಬಳಸುವುದನ್ನು ನಿಲ್ಲಿಸಿ. ಒಂದು ಬಕೆಟ್ ನೀರಿಗೆ ಜಿಲೇಬಿ ಬಣ್ಣ ಕಲಸಿ ಕಮೋಡಿಗೆ ಸುರಿದು, ಮೇಲೆ ಇನ್ನಷ್ಟು ನೀರು ಬಿಡಿ. ಮರುದಿನದವರೆಗೆ ಸಂಪನ್ನು ಗಮನಿಸಿ. ಬಣ್ಣ ಕಂಡರೆ ಸೋರಿಕೆ ಖಚಿತ. ಕಾಣದಿದ್ದರೆ ಸೋರಿಕೆ ಇಲ್ಲ ಅಂತಲ್ಲ. ಮಣ್ಣು ಬಣ್ಣವನ್ನು ಹಿಡಿದಿಟ್ಟುಕೊಂಡಿರಬಹುದು. ನೀರಿನ ಮಾದರಿಯನ್ನು ಲ್ಯಾಬಿಗೆ ಕೊಟ್ಟು ಇ-ಕೋಲಿ (ಮಲದಲ್ಲಿರುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ.

ತೊಂದರೆ ಕಾಣದಿದ್ದರೂ ನೋಡಿಸಲೇಬೇಕಾದ ಸಂದರ್ಭಗಳಿವೆ. ಹಳೇ ಮನೆ ಕೊಳ್ಳುವಾಗ, ಅಡ್ವಾನ್ಸ್ ಕೊಡುವ ಮೊದಲು. ಮೇಲೆ ಇನ್ನೊಂದು ಮಹಡಿ ಎಬ್ಬಿಸುವ ಮೊದಲು. ಮನೆ ಮುಂದೆ ರಸ್ತೆ ಅಗೆದು ಕೇಬಲ್ಲೋ ಗ್ಯಾಸ್ ಪೈಪೋ ಹಾಕಿದ ಮೇಲೆ. ಮತ್ತೆ, ನನ್ನ ಹೊಟ್ಟೆ ಉರಿಯುವ ವಿಷಯ, ಅಂಗಳಕ್ಕೆ ಟೈಲ್ಸ್, ಗ್ರಾನೈಟ್ ಹಾಕಿಸುವ ಮೊದಲು. ಯಾವ ತಿಂಗಳು ಅಂತ ಕೇಳಿದರೆ, ಮಳೆಗೆ ಮುಂಚೆ, ಏಪ್ರಿಲ್ ಅಥವಾ ಮೇ.

ಹಳೇ ಬಡಾವಣೆಗಳ ಕಂದು ಬಣ್ಣದ ಸ್ಟೋನ್‌ವೇರ್ ಪೈಪಿನ ಬಗ್ಗೆ ಜಾಸ್ತಿ ಎಚ್ಚರ ಬೇಕು. ಪೈಪು ಗಟ್ಟಿಯದೇ. ಆದರೆ ಒಂದೊಂದು ತುಂಡು ಸುಮಾರು 2 ಅಡಿ ಅಷ್ಟೇ. 30 ಅಡಿ ಲೈನಿನಲ್ಲಿ ಹತ್ತು ಹದಿನೈದು ಸಿಮೆಂಟು ಜೋಡಣೆ ಇರುತ್ತದೆ. ಆ ಸಂದಿನಲ್ಲಿ ನೀರಿನ ವಾಸನೆ ಹಿಡಿದು ಬೇರು ನುಗ್ಗುತ್ತದೆ. ಅರಳಿ, ಅತ್ತಿ ಜಾತಿಯ ಗಿಡ ಹತ್ತಿರವಿದ್ದರೆ ಕೇಳುವುದೇ ಬೇಡ. ಪಿವಿಸಿಯಲ್ಲಿ ಜೋಡಣೆ ಕಡಿಮೆ. ಆದರೆ ಕೆಳಗಿನ ಮಣ್ಣು ಕುಸಿದರೆ ಪೈಪು ನಡುವೆ ಜೋತು ಬಿದ್ದು ವಾಟ (ಇಳಿಜಾರು) ಕೆಡುತ್ತದೆ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ವಾಟ ಇರಬೇಕು ಅನ್ನುವುದು ಮೇಸ್ತ್ರಿಗಳ ಹಳೇ ಲೆಕ್ಕ.

ಈಗ ಪರೀಕ್ಷೆಗೆ ಬರೋಣ. ಪ್ಲಂಬರ್ ಕೈಲಿ ಮನೆಯ ಎಲ್ಲಾ ಚೇಂಬರ್ ಮುಚ್ಚಳ ತೆಗೆಸಿ. ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ದೂರದಿಂದಲೇ ನೋಡಿ. ಬೆಂಕಿಕಡ್ಡಿ ಗೀರುವುದು, ಒಳಗೆ ಬಗ್ಗುವುದು ಬೇಡ. ಅಲ್ಲಿನ ಗಾಳಿ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಜಾಸ್ತಿಯಾದರೆ ಮೂಗೇ ಮರಗಟ್ಟಿ ವಾಸನೆ ಗೊತ್ತಾಗುವುದಿಲ್ಲ. ಅಪಾಯ ಇರುವುದೇ ಆಗ. ಚರಂಡಿಯೊಳಗೆ ಯಾರನ್ನೂ ಇಳಿಸಿ ಸ್ವಚ್ಛ ಮಾಡಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ, ರಕ್ಷಣಾ ಸಾಧನ ಕೊಡದೆ ಹಾಗೆ ಇಳಿಸುವುದು ಅಪರಾಧ. ಯಾರೋ 'ಕಡಿಮೆ ದುಡ್ಡಿಗೆ ಇಳೀತೀನಿ' ಅಂದರೂ ಬೇಡವೇ ಬೇಡ.

ಕೊನೆಯ ಚೇಂಬರ್, ಅಂದರೆ ರಸ್ತೆಗೆ ಹತ್ತಿರದ್ದು, ತುಂಬಿ ನಿಂತಿದ್ದರೆ ತೊಂದರೆ ಅದರಾಚೆ ಇದೆ. ರಸ್ತೆಯ ಮ್ಯಾನ್‌ಹೋಲೂ ತುಂಬಿದ್ದರೆ ಕೆಲಸ ನಿಮ್ಮದಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಬೇರೆ ಊರುಗಳಲ್ಲಿ ಪಾಲಿಕೆಗೋ ನಗರಸಭೆಗೋ ತಿಳಿಸಿ. ಮನೆಯಲ್ಲಿ ನೀರು ಕಟ್ಟಿದ್ದೂ ಕೊನೆಯ ಚೇಂಬರ್ ಖಾಲಿ ಇದ್ದರೆ, ಅಡ್ಡಿ ನಿಮ್ಮ ಕಾಂಪೌಂಡಿನೊಳಗೇ ಇದೆ.

ನೀರು ಇಳಿದ ಮೇಲೆ, ಎರಡು ಚೇಂಬರ್ ನಡುವಿನ ಪೈಪಿನ ಒಂದು ತುದಿಯಲ್ಲಿ ಟಾರ್ಚ್ ಹಿಡಿಸಿ, ಇನ್ನೊಂದು ತುದಿಗೆ ಕೋಲಿಗೆ ಕಟ್ಟಿದ ಕನ್ನಡಿ ಇಳಿಸಲು ಹೇಳಿ. ಬೆಳಕು ಪೂರ್ತಿ ದುಂಡಗೆ ಕಂಡರೆ ಪೈಪು ನೆಟ್ಟಗಿದೆ. ಅರ್ಧಚಂದ್ರ ಕಂಡರೆ ಎಲ್ಲೋ ಜೋತು ಬಿದ್ದಿದೆ ಅಥವಾ ಹೂಳು ಕೂತಿದೆ. ಕ್ಯಾಮೆರಾ ಬರುವ ಮೊದಲಿನ ಉಪಾಯ ಇದು, ಈಗಲೂ ಉಪಯೋಗಕ್ಕೆ ಬರುತ್ತದೆ.

ಅನುಮಾನ ಉಳಿದರೆ ಪೈಪಿನೊಳಗೆ ಕ್ಯಾಮೆರಾ ಬಿಡಿಸಿ. ಮೊದಲು ಜೆಟ್ಟಿಂಗ್ (ರಭಸದ ನೀರಿನಿಂದ ಪೈಪು ತೊಳೆಯುವುದು) ಮಾಡಿಸಿ, ಇಲ್ಲದಿದ್ದರೆ ಕೆಸರು ನೋಡಲು ದುಡ್ಡು ಕೊಟ್ಟಂತೆ. ವಿಡಿಯೊ ನಿಮ್ಮ ಫೋನಿಗೆ ಹಾಕಿಸಿಕೊಳ್ಳಿ. ಬಿರುಕು ಎಷ್ಟು ಅಡಿ ದೂರದಲ್ಲಿ, ಎಷ್ಟು ಆಳದಲ್ಲಿ ಎಂದು ನೆಲದ ಮೇಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಹಾಗಾದರೆ ಇಡೀ ಅಂಗಳ ಅಗೆಯಬೇಕಿಲ್ಲ. ಆ್ಯಸಿಡ್ ಸುರಿಯುವ ಸಲಹೆ ಬಂದರೆ ಒಪ್ಪಬೇಡಿ. ಅದು ಹಳೇ ಲೈನಿನ ಸಿಮೆಂಟು ಜೋಡಣೆಯನ್ನೇ ತಿನ್ನುತ್ತದೆ.

ನಮ್ಮ ಲೈನಿನಲ್ಲಿ ಸಿಕ್ಕಿದ್ದು ಪಕ್ಕದ ಗಿಡದ ಬೇರು, ಜಡೆಯಷ್ಟು ದಪ್ಪ. ನಾಲ್ಕು ಅಡಿ ಪೈಪು ಬದಲಾಯಿಸಿದೆವು. ಒಡೆದ ಟೈಲ್ಸಿನ ಬಣ್ಣ ಮಾತ್ರ ಅಂಗಡಿಯಲ್ಲಿ ಮತ್ತೆ ಸಿಗಲಿಲ್ಲ. ಬೂದು ಪ್ಯಾಸೇಜಿನ ನಡುವೆ ಈಗ ಆರು ಕೆಂಪು ಟೈಲ್ಸ್ ಇವೆ. ಚೇಂಬರ್ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ.