ಪಕ್ಕದಲ್ಲೇ ಇದ್ದ ಫೋನಿಗೆ ಫೈಲ್ ಹೋಗಲಿಲ್ಲ

ಅಕ್ಕನ ಮಗಳು ಸೈಕಲ್ ಕಲಿತ ದಿನದ ವಿಡಿಯೋ, 4.6 ಜಿಬಿ. ಅಕ್ಕನ ಫೋನಿಂದ ನನ್ನ ಫೋನಿಗೆ ಬರಬೇಕಿತ್ತು. ಎರಡೂ ಆಂಡ್ರಾಯ್ಡ್, ಎರಡೂ ಒಂದೇ ಮೇಜಿನ ಮೇಲೆ. ಐದು ನಿಮಿಷದ ಕೆಲಸ ಅಂದುಕೊಂಡೆ. ಒಂದೂವರೆ ಗಂಟೆ ಹಿಡಿಯಿತು.

"ನಿನ್ನ ಹೆಸರೇ ಬರ್ತಿಲ್ಲ ಕಣೋ" ಅಂದಳು ಅಕ್ಕ, ಪಕ್ಕದ ಫೋನಿಗೆ ಫೈಲ್ ಕಳಿಸುವ ಆಂಡ್ರಾಯ್ಡ್‌ನ ಕ್ವಿಕ್ ಶೇರ್ ತೆರೆದುಕೊಂಡು. ಇಂಥ ಹೊತ್ತಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿದೆ, ವೈಫೈ ಆಫ್ ಮಾಡಿ ಆನ್ ಮಾಡಿದೆ, ಅಕ್ಕನ ಫೋನ್ ರೀಸ್ಟಾರ್ಟ್ ಮಾಡಿದೆ. ಏನೂ ಆಗಲಿಲ್ಲ. ಸುಮ್ನೆ ಗುಂಡಿ ಒತ್ತುತ್ತಾ ಕೂತರೆ ಆಗುವ ಕೆಲಸವಲ್ಲ ಇದು ಅಂತ ಆಗ ಗೊತ್ತಾಯಿತು.

ಇಲ್ಲಿ ನಡೆಯುವುದು ಎರಡು ಬೇರೆ ಬೇರೆ ಕೆಲಸ. ಮೊದಲು ಪಕ್ಕದ ಫೋನನ್ನು ಹುಡುಕಬೇಕು, ಅದು ಬ್ಲೂಟೂತಿನ ಕೆಲಸ. ಆಮೇಲೆ ಫೈಲನ್ನು ಹೊತ್ತು ತರಬೇಕು. ದೊಡ್ಡ ಫೈಲಾದರೆ ಅದನ್ನು ಎರಡು ಫೋನುಗಳ ನಡುವೆ ನೇರ ವೈಫೈ ಮಾಡುತ್ತದೆ, ಇಂಟರ್ನೆಟ್ ಬೇಕಿಲ್ಲ. ಹೆಸರೇ ಕಾಣದಿದ್ದರೆ ತೊಂದರೆ ಹುಡುಕುವುದರಲ್ಲಿದೆ. ಹೆಸರು ಕಂಡೂ ಫೈಲ್ ತೆವಳುತ್ತಿದ್ದರೆ ಹೊರುವುದರಲ್ಲಿದೆ. ಇಷ್ಟು ಬಿಡಿಸಿಕೊಂಡ ಮೇಲೆ ಅರ್ಧ ಗೊಂದಲ ಹೋಯಿತು.

ನಮಗೆ ಹೆಸರೇ ಕಾಣುತ್ತಿರಲಿಲ್ಲ, ಅಲ್ವಾ? ಅಕ್ಕನ ಫೋನು ಹಳೆಯದು, ಆಂಡ್ರಾಯ್ಡ್ 10. ಲೊಕೇಶನ್ ಆಫ್ ಇತ್ತು. "ವಿಡಿಯೋ ಕಳಿಸೋಕೆ ನಾನೆಲ್ಲಿದ್ದೀನಿ ಅಂತ ಅದಕ್ಕೆ ಯಾಕೆ ಬೇಕು?" ಅಂತ ಜಗಳಕ್ಕೇ ನಿಂತಳು. ಪ್ರಶ್ನೆ ಸರಿಯಾಗೇ ಇದೆ. ಸುತ್ತಲಿನ ಬ್ಲೂಟೂತ್ ಸಿಗ್ನಲ್‌ಗಳನ್ನು ನೋಡಿ ಫೋನ್ ಎಲ್ಲಿದೆ ಅಂತ ಊಹಿಸಬಹುದು. ಅದಕ್ಕೇ ಹಳೆಯ ಆಂಡ್ರಾಯ್ಡ್‌ನಲ್ಲಿ ಬ್ಲೂಟೂತ್ ಹುಡುಕಾಟಕ್ಕೂ ಲೊಕೇಶನ್ನಿಗೂ ಗಂಟು ಹಾಕಿದ್ದರು. ಆಂಡ್ರಾಯ್ಡ್ 12ರಲ್ಲಿ ಪಕ್ಕದ ಸಾಧನಗಳಿಗೆ ಅಂತಲೇ ಬೇರೆ ಅನುಮತಿ ಬಂತು. ಕೆಲಸ ಮುಗಿದ ತಕ್ಷಣ ಆಫ್ ಮಾಡುತ್ತೇನೆ ಅಂತ ಮಾತು ಕೊಟ್ಟು ಲೊಕೇಶನ್ ಆನ್ ಮಾಡಿಸಿದೆ.

ಆದರೂ ಹೆಸರು ಬರಲಿಲ್ಲ. ಈ ಸಲ ತಪ್ಪು ನನ್ನದು. ನನ್ನ ಫೋನು ಕಾಂಟ್ಯಾಕ್ಟ್ಸ್‌ನಲ್ಲಿ ಇರುವವರಿಗೆ ಮಾತ್ರ ಕಾಣುವಂತೆ ಇತ್ತು. ಅಕ್ಕ ನನ್ನ ಕಾಂಟ್ಯಾಕ್ಟ್ಸ್‌ನಲ್ಲಿ ಇಲ್ಲದೆ ಇರುತ್ತಾಳಾ? ಇದ್ದಳು, ಆದರೆ ಹಳೆಯ ನಂಬರಿನೊಂದಿಗೆ. ಅವಳ ಗೂಗಲ್ ಖಾತೆಯ ಈಮೇಲ್ ನಾನು ಸೇವ್ ಮಾಡಿಕೊಂಡೇ ಇರಲಿಲ್ಲ. ಎಲ್ಲರಿಗೂ ಕಾಣಲಿ ಅಂತ ಬದಲಿಸಿದ ಕೂಡಲೇ ಅವಳ ಪರದೆಯಲ್ಲಿ ನನ್ನ ಹೆಸರು ಮೂಡಿತು. ಈ ಆಯ್ಕೆಗೆ ಸಾಮಾನ್ಯವಾಗಿ 10 ನಿಮಿಷದ ಮಿತಿ ಇರುತ್ತದೆ, ಆಮೇಲೆ ತಾನೇ ಹಿಂದಿನದಕ್ಕೆ ಮರಳುತ್ತದೆ. ಇದೇ ಕೆಲಸ ಮಾಡುವ ಐಫೋನಿನ ಏರ್‌ಡ್ರಾಪ್‌ನಲ್ಲೂ 2022ರ ಕೊನೆಯಿಂದ ಇದೇ ಕತೆ. "ನಿನ್ನೆ ಬಂತು, ಇವತ್ತು ಬರ್ತಿಲ್ಲ" ಅನ್ನುವ ದೂರು ಕೇಳಿದಾಗ ನಾನೀಗ ಮೊದಲು ನೋಡುವುದೇ ಇದನ್ನು. ಹಾಂ, ಪಡೆಯುವ ಫೋನಿನ ಪರದೆ ಆನ್ ಆಗಿ, ಲಾಕ್ ತೆಗೆದಿರಬೇಕು. ಜೇಬಲ್ಲಿಟ್ಟುಕೊಂಡು ಕಾಯಬೇಡಿ.

ಸರಿ, ಒಪ್ಪಿಗೆ ಒತ್ತಿದೆ, ಫೈಲ್ ಹೊರಟಿತು. ಎರಡು ನಿಮಿಷ ಕಾದರೂ ಶೇಕಡಾ 1 ದಾಟಲಿಲ್ಲ. ಸೆಕೆಂಡಿಗೆ ಕಾಲು ಎಂಬಿ ಕೂಡ ಇಲ್ಲ. ಅಂದರೆ ಫೈಲ್ ಬ್ಲೂಟೂತಿನಲ್ಲೇ ಬರುತ್ತಿದೆ. ಲೆಕ್ಕ ಹಾಕಿದರೆ ಐದು ಗಂಟೆಗೂ ಜಾಸ್ತಿ! ನೇರ ವೈಫೈ ಯಾಕೆ ಜೋಡಣೆ ಆಗಲಿಲ್ಲ? ಮೇಲಿಂದ ಪರದೆ ಎಳೆದು ನೋಡಿದರೆ ನನ್ನ ಹಾಟ್‌ಸ್ಪಾಟ್ ಆನ್ ಇತ್ತು. ಅಕ್ಕನ ಡೇಟಾ ಮುಗಿದಿದೆ ಅಂತ ಬೆಳಿಗ್ಗೆ ನಾನೇ ಕೊಟ್ಟಿದ್ದೆ, ಮರೆತೇ ಹೋಗಿತ್ತು. ನೇರ ವೈಫೈಗೆ ಬೇಕಾದ ರೇಡಿಯೋವನ್ನು ಹಾಟ್‌ಸ್ಪಾಟ್ ಹಿಡಿದುಕೊಂಡು ಕೂತಿತ್ತು. ಅದನ್ನು ಆಫ್ ಮಾಡಿ, ಎರಡರಲ್ಲೂ ವೈಫೈ ಆನ್ ಇಟ್ಟು, ಅಕ್ಕನ ಫೋನಿನ ಬ್ಯಾಟರಿ ಸೇವರ್ ತೆಗೆದು ಮತ್ತೆ ಕಳಿಸಿದೆವು. ಮೂರ್ನಾಲ್ಕು ನಿಮಿಷದಲ್ಲಿ ಪೂರ್ತಿ ಬಂತು. ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಹಾಯಿಸುವ ಆ್ಯಪ್) ಹಾಕಿಕೊಂಡವರು ಅದನ್ನೂ ಒಮ್ಮೆ ಆಫ್ ಮಾಡಿ ನೋಡಬಹುದು. ನಮ್ಮಲ್ಲಿ ಅದು ಇರಲಿಲ್ಲ.

ಅಕ್ಕನ ಲೊಕೇಶನ್ ಆಫ್ ಮಾಡಿಕೊಟ್ಟೆ. ಆಮೇಲೆ ವಿಡಿಯೋವನ್ನು ನನ್ನ ಮೆಮೊರಿ ಕಾರ್ಡಿಗೆ ಸಾಗಿಸಲು ಹೋದೆ. ಜಾಗ ಬೇಕಾದಷ್ಟಿದ್ದರೂ ಆಗಲ್ಲ ಅಂದಿತು. ಅದು ಹಳೆಯ 32 ಜಿಬಿ ಕಾರ್ಡು, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಸೈಕಲ್ ವಿಡಿಯೋ ಇನ್ನೂ ನನ್ನ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಇದೆ.