ಖಳನಾಯಕರ ಹಳೆಯ ಕಾರ್ಡುಗಳನ್ನು ಪರೀಕ್ಷಿಸಿ ಕೊಳ್ಳುವ ಬಗೆ

ಬೆಳಗಾವಿಯಲ್ಲಿದ್ದುಕೊಂಡು ಸಿನಿಮಾ ಖಳನಾಯಕರ ಚಿತ್ರವಿರುವ ಹಳೆಯ ಸಂಗ್ರಹ ಕಾರ್ಡುಗಳನ್ನು ಸಂಗ್ರಹಿಸಬೇಕೆನ್ನುವವರು ಮೊದಲು ಒಂದೇ ಸರಣಿಯನ್ನು ಆರಿಸಿಕೊಂಡು ಅದನ್ನು ಪೂರ್ತಿಯಾಗಿ ಅರಿತುಕೊಳ್ಳುವುದು ಒಳ್ಳೆಯದು. ಅಮೆರಿಕದ ಟಾಪ್ಸ್ ಕಂಪನಿಯ 1977ರ ಸ್ಟಾರ್ ವಾರ್ಸ್ ಸಿನಿಮಾದ ಕಾರ್ಡುಗಳಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಐದು ಸರಣಿಗಳಲ್ಲಿ ತಲಾ 66ರಂತೆ ಒಟ್ಟು 330 ಕಾರ್ಡುಗಳಿದ್ದು, ನೀಲಿ ಅಂಚಿನ ಮೊದಲ ಸರಣಿಯ 7ನೆಯ ಕಾರ್ಡಿನಲ್ಲಿ ಆ ಸಿನಿಮಾದ ಮುಖವಾಡಧಾರಿ ಖಳನಾಯಕ ಡಾರ್ತ್ ವೇಡರ್ ಇದ್ದಾನೆ. ಕಣ್ಣುಗಳಿಂದಲೇ ಹೆದರಿಸುತ್ತಿದ್ದ ವಜ್ರಮುನಿಯವರನ್ನು ನೋಡಿ ಬೆಳೆದ ನಮಗೆ ಮುಖವನ್ನೇ ತೋರಿಸದ ಈ ಖಳನು ಮೊದಲಿಗೆ ಅಪರಿಚಿತನೆನಿಸಿದರೂ, ಕಾರ್ಡು ಕೈಗೆ ಬಂದ ಮೇಲೆ ಬಿಡಲು ಮನಸ್ಸಾಗುವುದಿಲ್ಲ.

ಕಾರ್ಡಿನ ಗುಣಮಟ್ಟವನ್ನು ಮೂಲೆ, ಅಂಚು, ಮೇಲ್ಮೈ ಮತ್ತು ಚಿತ್ರವು ನಡುವಿನಲ್ಲಿ ಕುಳಿತಿರುವ ರೀತಿಯನ್ನು ನೋಡಿ 1ರಿಂದ 10ರವರೆಗಿನ ದರ್ಜೆಯಲ್ಲಿ ಅಳೆಯುತ್ತಾರೆ; 10 ಎಂದರೆ ಅತ್ಯುತ್ತಮ. ಕಿಟಕಿಯ ಬೆಳಕಿಗೆ ಕಾರ್ಡನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ, ನೇರವಾಗಿ ನೋಡಿದಾಗ ಕಾಣದ ಗೀರುಗಳೂ ಮಡಿಕೆಗಳೂ ಎದ್ದು ತೋರುತ್ತವೆ. ಮಡಿಕೆ ಬಿದ್ದ ಕಾರ್ಡು 4ಕ್ಕಿಂತ ಮೇಲೇರುವುದು ಕಷ್ಟ. ಹಿಂಬದಿಯನ್ನೂ ತಪ್ಪದೆ ನೋಡಬೇಕು, ಏಕೆಂದರೆ ಆ ಕಾಲದ ಪೊಟ್ಟಣಗಳಲ್ಲಿ ಕಾರ್ಡುಗಳ ಜೊತೆಗೆ ಚೂಯಿಂಗ್ ಗಮ್ ಇರುತ್ತಿದ್ದು, ಅದರ ಕಲೆಯಾಗಲಿ ಮೇಣಗಾಗದದ ಕಲೆಯಾಗಲಿ ಉಳಿದಿರುವುದುಂಟು.

ಬಹಳ ಚೂಪಾದ ಮೂಲೆಗಳನ್ನು ಕಂಡಾಗ ಹಿಗ್ಗುವ ಮೊದಲು ಅನುಮಾನಿಸಬೇಕು. ನಾನು ಆರಂಭದಲ್ಲಿ ಅಂಥ ಒಂದು ಕಾರ್ಡಿಗೆ ಹೆಚ್ಚು ಹಣ ತೆತ್ತು ತಂದು, ಅದೇ ಸರಣಿಯ ಮತ್ತೊಂದರ ಮೇಲೆ ಇಟ್ಟು ನೋಡಿದಾಗ ಒಂದು ಬದಿ ಕೂದಲೆಳೆಯಷ್ಟು ಕಿರಿದಾಗಿತ್ತು. ಸವೆದ ಅಂಚನ್ನು ಯಾರೋ ಕತ್ತರಿಸಿದ್ದರು. ಕಾರ್ಡಿನ ಅಳತೆ ಎರಡೂವರೆ ಅಂಗುಲಕ್ಕೆ ಮೂರೂವರೆ ಅಂಗುಲ ಇರಬೇಕು. ಕತ್ತರಿಸಿದ ಕಾರ್ಡಿಗಿಂತ ಮೂಲೆ ದುಂಡಾದ, ಆದರೆ ಕೈ ಹಾಕದ ಕಾರ್ಡೇ ನನ್ನ ದೃಷ್ಟಿಯಲ್ಲಿ ಮೇಲು. ನಕಲನ್ನು ಗುರುತಿಸಲು ಭೂತಗನ್ನಡಿಯಲ್ಲಿ ಕಪ್ಪು ಅಕ್ಷರಗಳನ್ನು ನೋಡಿ: ಅಸಲಿನಲ್ಲಿ ಅವು ಗಟ್ಟಿ ಕಪ್ಪಾಗಿದ್ದರೆ, ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿನಲ್ಲಿ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದು ಕಾಣುತ್ತವೆ.

ನಮ್ಮೂರಿನ ಮಳೆಗಾಲ ಕಾಗದಕ್ಕೆ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವವನ್ನು ಹೀರಿದ ಕಾರ್ಡು ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಪಿವಿಸಿ ಪ್ಲಾಸ್ಟಿಕ್ಕಿನದಲ್ಲದ ಮೃದು ಕವರಿನಲ್ಲಿ ಹಾಕಿ, ಅದನ್ನು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಸೇರಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಮಳೆ ಬಡಿಯುವ ಹೊರಗೋಡೆಗೆ ತಾಗಿದ ಕಪಾಟಿನಿಂದ ದೂರವಿರಿಸಿ. ವಿಜಯಪುರದ ಕಡೆಯವರು ಬಣ್ಣ ಮಾಸುವಂತೆ ಮಾಡುವ ಬಿಸಿಲನ್ನು ತಪ್ಪಿಸಿದರೆ ಸಾಕು.

ಕಾರ್ಡನ್ನು ಅಮೆರಿಕದ ದರ್ಜೆ ನೀಡುವ ಸಂಸ್ಥೆಗೆ ಕಳುಹಿಸಿ ದರ್ಜೆ ಪಡೆಯುವ ಶುಲ್ಕವೂ ಅಂಚೆ ವೆಚ್ಚವೂ ಸಾಧಾರಣ ಕಾರ್ಡಿನ ಬೆಲೆಯನ್ನೇ ಮೀರಬಹುದು. ಆದುದರಿಂದ ನೀವೇ ಅಂದಾಜಿಸಿದ ದರ್ಜೆಯನ್ನು, ಕೊಂಡ ದಿನಾಂಕದೊಡನೆ, ಕವಚದ ಹೊರಗಿನ ಚೀಟಿಯಲ್ಲಿ ಬರೆದಿಡಿ. ಕಾರ್ಡಿನ ಮೇಲೆ ಪೆನ್ಸಿಲ್ ಕೂಡ ಸೋಕಬಾರದು.