ಕೈಕೊಟ್ಟ ಹಾರ್ಡ್ ಡಿಸ್ಕ್: ಮೊದಲು ನಕಲು, ಆಮೇಲೆ ಉಳಿದದ್ದು

ಕೆಟ್ಟ ಡಿಸ್ಕಿಗೆ ಪವರ್ ಕೊಟ್ಟೊಡನೆ ನಾನು ಮೊದಲು ಕಿವಿಗೊಡುತ್ತೇನೆ. ಟಕ್ ಟಕ್ ಎಂದು ಒಂದೇ ಸಮ ಬಡಿದುಕೊಂಡರೆ ಆಗಲೇ ವೈರು ಕೀಳುತ್ತೇನೆ. ಬಹುಪಾಲು ಅದು ಹೆಡ್ (ಡೇಟಾ ಓದುವ ತಲೆ) ಹೋದ ಡಿಸ್ಕು, ಕ್ಲೀನ್ ರೂಮ್, ಅಂದರೆ ಧೂಳಿಲ್ಲದ ಕೋಣೆ ಇದ್ದವರೇ ಬಿಚ್ಚಬೇಕು. ಫ್ರೀಜರ್‌ನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಎನ್ನುವವರು ಈಗಲೂ ಇದ್ದಾರೆ; ಒಳಗೆ ತೇವ ಕಟ್ಟಿದರೆ ಉಳಿದದ್ದೂ ಹೋಗುತ್ತದೆ.

ಮನೆಯಲ್ಲಿ ಕೈಹಾಕಬಹುದಾದ್ದು ಸದ್ದಿಲ್ಲದೆ ತಿರುಗುತ್ತಾ, ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ತಿಣುಕುವ ಡಿಸ್ಕು. ಈ ಸಲದ್ದು ಅಂಥದ್ದೇ, ಲ್ಯಾಪ್‌ಟಾಪಿನ 1 ಟಿಬಿ. ವಿಂಡೋಸ್‌ಗೆ ಚುಚ್ಚಿದರೆ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳುತ್ತದೆ, ಇಲ್ಲವೇ ತಪ್ಪು ಹುಡುಕಿ ತಿದ್ದುವ ಚೆಕ್‌ಡಿಸ್ಕ್ ಓಡಿಸಲು ಹೊರಡುತ್ತದೆ. ಎರಡೂ ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯುವ ಕೆಲಸ. ಹಾಗಾಗಿ ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಆಟೋಮೌಂಟ್ (ಡಿಸ್ಕು ತಾನಾಗಿಯೇ ತೆರೆದುಕೊಳ್ಳುವುದು) ನಿಲ್ಲಿಸಿ, ಡಿಸ್ಕನ್ನು ಮದರ್‌ಬೋರ್ಡಿನ ನೇರ ಸಾಟಾ ಪೋರ್ಟಿಗೆ ಹಾಕಿದೆ. ಯುಎಸ್‌ಬಿ ಅಡಾಪ್ಟರುಗಳಲ್ಲಿ ಕೆಲವು ಒಂದು ಕೆಟ್ಟ ಸೆಕ್ಟರ್ (ಡಿಸ್ಕಿನ ಚಿಕ್ಕ ತುಣುಕು) ಸಿಕ್ಕರೆ ಡಿಸ್ಕನ್ನೇ ಕೈಬಿಡುತ್ತವೆ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ನೋಡುವುದು ಕೆಟ್ಟ ಸೆಕ್ಟರುಗಳ ಲೆಕ್ಕ: 5, 197, 198ನೇ ಸಾಲು. 197, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರು, ಏರುತ್ತಾ ಹೋದರೆ ಕಾಲ ಕಡಿಮೆ ಎಂದರ್ಥ.

ನಕಲಿಗೆ ಬಳಸುವುದು ಗ್ನೂ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ, ಮುಂದೆ ಒಂದು 'ಜಿ' ಇದೆ. ಇಮೇಜ್ ಫೈಲನ್ನು, ಅಂದರೆ ಇಡೀ ಡಿಸ್ಕಿನ ನಕಲಿರುವ ಒಂದೇ ಫೈಲನ್ನು, ಬೇರೆ 4 ಟಿಬಿ ಡಿಸ್ಕಿಗೆ ಇಳಿಸಿದೆ. ಆ ಡಿಸ್ಕಿನ ಫಾರ್ಮ್ಯಾಟ್ ಲಿನಕ್ಸಿನ ಎಕ್ಸ್‌ಟಿ4 ಆಗಿರಲಿ, ಫ್ಯಾಟ್32ರಲ್ಲಿ 4 ಜಿಬಿ ದಾಟಿದ ಫೈಲು ಕೂರುವುದಿಲ್ಲ. ಮೂಲ ಯಾವುದು, ಗುರಿ ಯಾವುದು ಎಂದು ಸೀರಿಯಲ್ ನಂಬರ್ ನೋಡಿ ಎರಡು ಸಲ ಖಚಿತಪಡಿಸಿಕೊಳ್ಳಿ. ಇಲ್ಲಿ ಅದಲುಬದಲಾದರೆ ದೇವರೂ ಕಾಪಾಡುವುದಿಲ್ಲ.

ಮೊದಲ ಸುತ್ತಿಗೆ ಆಜ್ಞೆಯ ಜೊತೆ 'ಎನ್' ಮತ್ತು 'ಡಿ' ಸ್ವಿಚ್ (ಎರಡೂ ಚಿಕ್ಕಕ್ಷರ). 'ಎನ್' ಕೊಟ್ಟರೆ ಕೆಟ್ಟ ಜಾಗವನ್ನು ಕೆರೆಯುತ್ತಾ ಕೂರುವುದಿಲ್ಲ, ಸಲೀಸಾಗಿ ಬರುವುದನ್ನು ಮೊದಲು ಬಾಚಿಕೊಳ್ಳುತ್ತದೆ. 'ಡಿ' ಲಿನಕ್ಸಿನ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಬಿಟ್ಟು ಡಿಸ್ಕಿನಿಂದ ನೇರ ಓದಿಸುತ್ತದೆ. ಆಮೇಲೆ ಕ್ರಮವಾಗಿ ಮೂಲ, ಇಮೇಜ್, ಮೂರನೆಯದಾಗಿ ಯಾವ ಜಾಗ ಓದಿ ಆಯಿತು ಎಂದು ಬರೆದಿಡುವ ಮ್ಯಾಪ್ ಫೈಲ್. ಮ್ಯಾಪ್ ಮರೆತರೆ ಕರೆಂಟು ಹೋದಾಗ ಮತ್ತೆ ಸೊನ್ನೆಯಿಂದ ಶುರು. ಆರೋಗ್ಯವಂತ ಡಿಸ್ಕು ಸೆಕೆಂಡಿಗೆ 100 ಎಂಬಿ ಕೊಟ್ಟರೆ 1 ಟಿಬಿಗೆ ಮೂರು ಗಂಟೆ ಸಾಕು. ಇಂಥದ್ದಕ್ಕೆ ದಿನಗಳೂ ಹಿಡಿಯಬಹುದು. ಪಕ್ಕದಲ್ಲೊಂದು ಟೇಬಲ್ ಫ್ಯಾನ್ ಇಟ್ಟೆ. ಉಷ್ಣತೆ 50 ಡಿಗ್ರಿ ದಾಟಿದರೆ ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ತಣಿದ ಮೇಲೆ ಅದೇ ಆಜ್ಞೆ ಮತ್ತೆ ಕೊಟ್ಟರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಎರಡನೆಯ ಸುತ್ತಿಗೆ 'ಎನ್' ತೆಗೆದು 'ಆರ್3', ಅಂದರೆ ಕೆಟ್ಟ ಸೆಕ್ಟರಿಗೆ ಇನ್ನು ಮೂರು ಪ್ರಯತ್ನ. ದೊಡ್ಡಕ್ಷರದ 'ಆರ್' ಸೇರಿಸಿದರೆ ಡಿಸ್ಕಿನ ಕೊನೆಯಿಂದ ಶುರುವಿನ ಕಡೆಗೆ ಓದುತ್ತದೆ. ಮುಂದಿನಿಂದ ಸಿಗದ್ದು ಹಾಗೆ ಸಿಗುವುದುಂಟು.

ಆಮೇಲೆ ಮೂಲ ಡಿಸ್ಕನ್ನು ಮುಟ್ಟುವುದಿಲ್ಲ. ಇಮೇಜನ್ನು ರೀಡ್-ಓನ್ಲಿ (ಓದಲಷ್ಟೇ, ಬರೆಯಲಲ್ಲ) ಮೌಂಟ್ ಮಾಡಿ ತೆರೆಯುವುದು, ಪಾರ್ಟಿಷನ್ ಕಾಣದಿದ್ದರೆ ಅದನ್ನು ಹುಡುಕಿಕೊಡುವ ಟೆಸ್ಟ್‌ಡಿಸ್ಕ್. ಫೈಲುಗಳನ್ನಷ್ಟೇ ಹೆಕ್ಕಿ ತೆಗೆಯುವ ಫೋಟೋರೆಕ್ ಕೊನೆಗೆ, ಅದು ಫೈಲಿನ ಹೆಸರು, ಫೋಲ್ಡರ್ ಏನೂ ಉಳಿಸುವುದಿಲ್ಲ.

ಯಾವ ಫೈಲು ಹಾಳಾಗಿದೆ ಎಂದು ತಿಳಿಯಲು ಇಮೇಜಿನ ಇನ್ನೊಂದು ಪ್ರತಿಯಲ್ಲಿ ಡಿಡಿರೆಸ್ಕ್ಯೂವಿನ ಫಿಲ್-ಮೋಡ್ ಓಡಿಸುತ್ತೇನೆ: ಓದಲಾಗದ ಸೆಕ್ಟರುಗಳಲ್ಲೆಲ್ಲ 'ಕೆಟ್ಟಸೆಕ್ಟರ್' ಎಂಬ ಪದ ತುಂಬಿಸಿ, ಮೌಂಟ್ ಮಾಡಿ, ಪದ ಹುಡುಕುವ ಗ್ರೆಪ್ ಆಜ್ಞೆಯಿಂದ ಅದೇ ಪದ ಹುಡುಕುವುದು. ಹೆಸರು ಸಿಕ್ಕ ಫೈಲುಗಳ ಪಟ್ಟಿಯನ್ನು ಡೇಟಾ ಜೊತೆಗೇ ಕೊಟ್ಟುಬಿಡುತ್ತೇನೆ.